ಒಂದೇ ತೋಳಿನ ಅಂಗಿ

ಭಾನುವಾರ, ಮಧ್ಯಾಹ್ನ

ಪ್ರೀತಿಯ ಚಿನ್ನಿ,

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಇದನ್ನು ಮೊದಲೇ ಬರೆದುಬಿಟ್ಟೆ, ಇಲ್ಲದಿದ್ದರೆ ನನ್ನ ಅಕ್ಷರ ಕಂಡ ಕೂಡಲೇ ನಿನ್ನ ಎದೆ ಧಸಕ್ಕೆನ್ನುತ್ತದೆ. ತಡವಾಯಿತು, ಬೈಯಬೇಡ ತಂಗಿ. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳಿಗೆ ಕಾಗದ ಬರೆಯುವುದೆಂದರೆ ಕಾಜಾ ಹೊಲಿದಷ್ಟೇ ನಿಧಾನ.

ನನ್ನ ಮೊಮ್ಮಗಳಿಗೆ ಎರಡು ತಿಂಗಳು ತುಂಬಿತು. ಹೆರಿಗೆಯಾದಾಗ ನೀನು ಬಾಗಿಲಲ್ಲೇ ನಿಂತು ನೋಡಿ ಹೋದೆಯಲ್ಲ, ಈಗ ಕೆನ್ನೆ ಉಬ್ಬಿ ಕುತ್ತಿಗೆಯೇ ಕಾಣದ ಹಾಗಾಗಿದ್ದಾಳೆ. ಹುಟ್ಟಿದ ದಿನವೇ ಕ್ಷಯದ ಲಸಿಕೆ ಹಾಕಿದ್ದರು. "ಎಡತೋಳಿಗೆ ಹಾಕಿದ್ದೀನಿ. ಕೆಲವು ವಾರ ಬಿಟ್ಟು ಸಣ್ಣ ಗುಳ್ಳೆ ಏಳುತ್ತೆ, ಒಡೆಯುತ್ತೆ, ಕಲೆ ಬೀಳುತ್ತೆ. ಹೆದರ್ಬೇಡಿ," ಅಂದಳು ನರ್ಸ್. ಹೆದರಬೇಡಿ ಎಂದ ಮೇಲೆ ನಾನು ಸುಮ್ಮನಿರುವವಳೇ? ನಮ್ಮ ಅಮ್ಮನನ್ನು ತಿಂದ ಕೆಮ್ಮು ಈ ಕೂಸಿನ ಹತ್ತಿರ ಸುಳಿಯದಿರಲು ಆ ಒಂದು ಗುಳ್ಳೆಯೇ ಗತಿ ಎಂದುಕೊಂಡೆ.

ದಿನಾ ತೊಟ್ಟಿಲ ಮುಂದೆ ನಿಂತು ತೋಳು ನೋಡಿದೆ. ಗುಳ್ಳೆಗೆ ಬಟ್ಟೆ ಉಜ್ಜದಿರಲಿ ಎಂದು ಇರುವ ಅಂಗಿಗಳದ್ದೆಲ್ಲ ಆ ಕಡೆಯ ತೋಳು ಕತ್ತರಿಸಿ, ಅಂಚು ಮಡಚಿ ಹೊಲಿದೆ. ಗುಳ್ಳೆ ಮಾತ್ರ ಇಲ್ಲ. ಔಷಧಿ ಹಳಸಿತ್ತೇನೋ, ನಮ್ಮ ರಕ್ತದಲ್ಲೇ ಏನೋ ಊನವಿದೆಯೇನೋ... ಬಾಣಂತಿಯ ನಿದ್ದೆ ಯಾಕೆ ಕೆಡಿಸಲಿ ಎಂದು ಬಾಯಿ ಬಿಡಲಿಲ್ಲ. ಸ್ನಾನ ಮಾಡಿಸುವುದು, ಬಟ್ಟೆ ತೊಡಿಸುವುದು ಎಲ್ಲ ಮಗಳೇ. ಎಳೆಗೂಸನ್ನು ನೀರಲ್ಲಿ ಹಿಡಿಯಲು ನನಗೆ ಹೆದರಿಕೆ.

ಬುಧವಾರ ಆಸ್ಪತ್ರೆಗೆ ಹೋದೆವು. ಲಸಿಕೆ ಬಿದ್ದ ಮೇಲೆ ಹಸುಗೂಸುಗಳ ರಕ್ತ ಏನು ಕಲಿಯುತ್ತದೆ ಎಂದು ಅಲ್ಲೊಬ್ಬರು ಡಾಕ್ಟರಮ್ಮ ಪರೀಕ್ಷೆ ಮಾಡುತ್ತಿದ್ದಾರೆ. ಮಗಳು ಒಪ್ಪಿ, ಕೂಸಿನ ಒಂದಿಷ್ಟು ರಕ್ತ ಮೊದಲೇ ಕೊಡಿಸಿದ್ದಳು. ನನಗೆ ತಡೆಯಲಾಗಲಿಲ್ಲ. "ಗುಳ್ಳೆ ಎದ್ದೇ ಇಲ್ಲ ಡಾಕ್ಟ್ರೇ," ಎಂದು ಅತ್ತೇಬಿಟ್ಟೆ.

ಅವರು ಕೂಸಿನ ಅಂಗಿ ನೋಡಿದರು, ನನ್ನ ಕೊರಳಲ್ಲಿದ್ದ ಟೇಪು ನೋಡಿದರು. "ಅಜ್ಜಿ, ನೀವು ಟೈಲರ್ ಅಲ್ವಾ? ಎದುರಿಗೆ ನಿಂತವರ ಎಡಗೈ ಯಾವ ಕಡೆ ಇರುತ್ತೆ?"

ಚಿನ್ನಿ, ಜೀವಮಾನವಿಡೀ ಜನರ ಎದುರು ನಿಂತು ಅಳತೆ ತೆಗೆದವಳು ನಾನು! ಇಷ್ಟು ದಿನ ಬಲತೋಳನ್ನು ಕಾದಿದ್ದೆ. ಎಡತೋಳಿನ ಬಟ್ಟೆ ಸರಿಸಿದರೆ ಬೇಳೆಯಷ್ಟು ಗುಳ್ಳೆ, ಒಡೆದು ಹಕ್ಕಳೆಗಟ್ಟಿದೆ.

"ನಿಂಗೆ ಗೊತ್ತಿತ್ತೇನೇ?" ಅಂದೆ ಮಗಳಿಗೆ.

"ಗೊತ್ತಿತ್ತು. ಹೇಳಿದ್ರೆ ಮೂರು ಹೊತ್ತೂ ಅದನ್ನೇ ನೋಡ್ಕೊಂಡು ಕೂರ್ತೀಯ ಅಂತ ಸುಮ್ನಿದ್ದೆ."

"ಮತ್ತೆ ಅಂಗಿ ತೋಳು?"

"ಹೊಸ ಫ್ಯಾಷನ್ ಅನ್ಕೊಂಡೆ ಕಣಮ್ಮ!"

ಡಾಕ್ಟರಮ್ಮ ನಕ್ಕು ನಕ್ಕು ಕನ್ನಡಕ ಒರೆಸಿಕೊಂಡರು. ಆಮೇಲೆ ನನ್ನ ಪಕ್ಕ ಕೂತು ಹೇಳಿದರು: "ಗುಳ್ಳೆ ಏಳದೆ ಇದ್ರೂ ಲಸಿಕೆ ಕೆಲಸ ಮಾಡಿರಬಹುದು ಅಜ್ಜಿ. ಒಳಗಿನ ಸಮಾಚಾರ ರಕ್ತದಲ್ಲಿರುತ್ತೆ. ಇವಳ ರಕ್ತಕ್ಕೆ ಆ ರೋಗಾಣುವಿನ ಚೂರು ತೋರಿಸಿದ್ವಿ, ಗುರುತು ಹಿಡೀತು. ಮುಂದೆ ಯಾವತ್ತೂ ಬರೋದೇ ಇಲ್ಲ ಅಂತ ಮಾತು ಕೊಡಲ್ಲ. ಆದ್ರೆ ಎಳೆಗೂಸುಗಳ ಜೀವಕ್ಕೇ ಕುತ್ತು ತರೋ ಅಂಥ ಕ್ಷಯಾನ ಇದು ಚೆನ್ನಾಗಿ ತಡೆಯುತ್ತೆ."

ಅಷ್ಟು ಸಾಕಾಯಿತು ನನಗೆ. ಈಗ ಅಂಗಿಗಳಿಗೆಲ್ಲ ಮತ್ತೆ ತೋಳು ಕೂಡಿಸುತ್ತಿದ್ದೇನೆ. ಬಣ್ಣ ಹೊಂದುತ್ತಿಲ್ಲ, ಕೂಸು ಜೋಕರಿನ ಹಾಗೆ ಕಾಣುತ್ತದೆ. ನೀನೂ ನಿನ್ನವರೂ ತಣ್ಣಗಿರಿ. ಹೊತ್ತುಹೊತ್ತಿಗೆ ಊಟ ಮಾಡು.

ನಿನ್ನ ಅಕ್ಕ

ಇನ್ನೊಂದು ಮಾತು: ಅವತ್ತು ಕೂಸನ್ನು ಎತ್ತಿಕೋ ಎಂದರೆ, "ನನ್ನನ್ನೇ ಅಮ್ಮ ಒಂದು ದಿನ ಎತ್ತಿಕೊಳ್ಳಲಿಲ್ಲವಂತೆ, ನನಗೇನು ಗೊತ್ತಾಗುತ್ತೆ," ಅಂದೆಯಲ್ಲ. ಆ ಮಾತು ಇನ್ನೂ ಚುಚ್ಚುತ್ತಿದೆ. ನೀನು ಹುಟ್ಟಿದಾಗ ಅಮ್ಮನನ್ನು ಹಿಂದಿನ ಕೋಣೆಯಲ್ಲಿ ಇಟ್ಟಿದ್ದರು. ನಿನ್ನನ್ನು ನೋಡಿಕೊಳ್ಳಲೆಂದೇ ನನ್ನ ಶಾಲೆ ಬಿಡಿಸಿದ್ದು. ದಿನಾ ನಿನ್ನನ್ನು ಎತ್ತಿಕೊಂಡು ಕಿಟಕಿಯ ಗಾಜಿನ ಈಚೆ ನಿಲ್ಲುತ್ತಿದ್ದೆ. "ಎಡಗೈ ತೋರ್ಸೇ, ಈಗ ಬಲಗೈ," ಎನ್ನುತ್ತಿದ್ದಳು ಅಮ್ಮ ಆಚೆಯಿಂದ. ಆಗಲೂ ನಾನು ನಿನ್ನ ತಪ್ಪು ಕೈಯನ್ನೇ ಎತ್ತುತ್ತಿದ್ದೆ. ಅವಳಿಗೆ ನಗು, ನಗುವಿನ ಹಿಂದೆಯೇ ಕೆಮ್ಮು. ಕೆಮ್ಮು ನಿಂತ ಮೇಲೆ, ಗಾಜಿಗೆ ನಿನ್ನ ಅಂಗೈ ತಾಗಿದ್ದ ಕಡೆಯೇ ಅವಳೂ ಅಂಗೈ ಇಡುತ್ತಿದ್ದಳು. ಅವಳು ಎತ್ತಿಕೊಳ್ಳದೆ ಇದ್ದದ್ದಕ್ಕೇ ನೀನು ಉಳಿದೆ ಚಿನ್ನಿ. ಬಂದು ಇವಳನ್ನು ಎತ್ತಿಕೋ.