ಮುಖ ನೋಡಿ ಬಡಿಸುವ ಹೋಟೆಲು

ಗಲ್ಲಾ ಪಕ್ಕದ ಸ್ಟೂಲಿನಿಂದ,
ಸೋಮವಾರ, ಮಧ್ಯಾಹ್ನದ ಗದ್ದಲ ಇಳಿದ ಮೇಲೆ

ಅಡುಗೆಮನೆಯ ಮಹಾಚಕ್ರವರ್ತಿನಿಯೂ ಸೌಟುಧಾರಿಣಿಯೂ ಮೂರು ಒಲೆಗಳ ಏಕೈಕ ಒಡತಿಯೂ ಸದ್ಯಕ್ಕೆ ಮಗಳ ಮನೆಗೆ ತಮ್ಮನ್ನು ತಾವೇ ಗಡೀಪಾರು ಮಾಡಿಕೊಂಡಿರುವವರೂ ಆದ ಅಜ್ಜಿಯವರ ಸನ್ನಿಧಾನಕ್ಕೆ, ಹೋಟೆಲಿನ ಆಸ್ಥಾನ ಚರಿತ್ರೆಕಾರಳಾದ ಮೊಮ್ಮಗಳು ತಲೆಬಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ:

ಹೇಗಿದ್ದೀಯ ಅಜ್ಜಿ? ಮಂಡಿ ನೋವು ಇಳಿಯಿತಾ? ಅತ್ತೆ ಕಾಫಿಗೆ ಸಕ್ಕರೆ ಕೊಡುತ್ತಾಳಾ, ಇಲ್ಲ ಕದ್ದು ಹಾಕಿಕೊಳ್ಳುತ್ತೀಯಾ? ಫೋನ್ ಮಾಡಿದರೆ ಬೈದು ಇಟ್ಟುಬಿಡುತ್ತೀಯ, ಅದಕ್ಕೇ ಪತ್ರ. ಇಲ್ಲಿ ಎಲ್ಲರೂ ಕ್ಷೇಮ, ಯಾರೂ ಒಂದು ಕಡೆ ಕೂರುತ್ತಿಲ್ಲ ಅಷ್ಟೇ. ನಿನ್ನ ಮಗ, ಅಂದರೆ ನನ್ನ ಅಪ್ಪ, ಒರೆಸಿದ ಟೇಬಲ್ಲನ್ನೇ ಮತ್ತೆ ಒರೆಸುತ್ತಾನೆ. ಬಾಗಿಲಿಗೆ ಹೋಗಿ ರಸ್ತೆ ನೋಡುತ್ತಾನೆ, ಒಳಗೆ ಬಂದು ಇನ್ನೂ ಬಿಸಿಯಾಗದ ಹಾಲಿನ ಉರಿ ಸಣ್ಣ ಮಾಡುತ್ತಾನೆ. ಅವನನ್ನು ನೋಡಿ ನೋಡಿ ನನಗೂ ಕಾಲು ನಿಲ್ಲುತ್ತಿಲ್ಲ.

ಇದು ನಿನ್ನನ್ನು ವಾಪಸ್ ಕರೆಯುವ ಪತ್ರ ಅಂದುಕೊಳ್ಳಬೇಡ. ಹೋಟೆಲಿನ ಚರಿತ್ರೆ ಬರೆಯುತ್ತಿದ್ದೇನೆ, ತಪ್ಪಿದ್ದರೆ ತಿದ್ದು, ಅಷ್ಟೇ. ಅಜ್ಜ ಬಸ್ ನಿಲ್ದಾಣದ ಎದುರು ಎರಡು ಬೆಂಚು ಹಾಕಿ ಹೋಟೆಲು ತೆರೆದ ದಿನ ಮೊದಲು ಬಂದವನು ಒಬ್ಬ ಹುಡುಗುಪ್ರಾಯದ ಲಾರಿ ಡ್ರೈವರ್. ಮೀನು ಕೇಳಿದ, ಇರಲಿಲ್ಲ. ಆಮ್ಲೆಟ್ ಕೇಳಿದ, ಮೊಟ್ಟೆ ತರಿಸಿರಲಿಲ್ಲ. ಅಜ್ಜ ಬೆವರುತ್ತ ನಿಂತಿದ್ದಾಗ ನೀನು ಅಡುಗೆಮನೆ ಕಿಟಕಿಯಿಂದ ತಲೆ ಹಾಕಿ, "ಮುಖ ನೋಡಿದ್ರೆ ಹೊಟ್ಟೆ ಕೆಟ್ಟಿರೋ ಹಾಗಿದೆ, ಸುಮ್ನೆ ಸೂಪು ಕುಡಿಯಪ್ಪ" ಅಂದೆಯಂತೆ. ಇದ್ದದ್ದೂ ಸೂಪೊಂದೇ ಎಂಬುದನ್ನು ಚರಿತ್ರೆಯಿಂದ ಬಿಡುತ್ತಿದ್ದೇನೆ. ಮಾರನೆಯ ದಿನ ಅವನು ಬಂದು, ಏನನ್ನೂ ಕೇಳದೆ ಕೂತ. ಅಂದಿನಿಂದ ನಮ್ಮಲ್ಲಿ ಯಾರೂ ಏನನ್ನೂ ಕೇಳಿದ್ದಿಲ್ಲ. ಜನ ಬಂದು ಕೂರುವುದು, ನೀನು ಮುಖ ನೋಡುವುದು, ತಟ್ಟೆ ಬರುವುದು. ಬೇಡ ಅಂದವರಿಗೆ ಬೈಗುಳ ಪುಕ್ಕಟೆ. ಗಂಡ ತೀರಿಕೊಂಡ ಮೇಲೆ ಟೀಚರಮ್ಮ ಮೊದಲ ಸಲ ಬಂದಾಗ ಮಾತ್ರ ನೀನು ತಟ್ಟೆ ಕಳಿಸಲಿಲ್ಲ. ಎರಡು ಲೋಟ ಚಹಾ ಹಿಡಿದು ಹೊರಗೆ ಬಂದು ಅವರೆದುರು ಕೂತೆ. ಒಲೆಯ ಮೇಲೆ ಆಲೂಗಡ್ಡೆ ಸೀದು ಹೋಯಿತು, ಸೀದದ್ದನ್ನೇ ಉಳಿದವರೆಲ್ಲ ತೆಪ್ಪಗೆ ತಿಂದರು.

ಇನ್ನು ಇತ್ತೀಚಿನ ಯುಗ. ಹೋದ ತಿಂಗಳು ನೀನು ಕಟಿಂಗ್ ಶಾಪಿನವನನ್ನು ಪೋಸ್ಟ್‌ಮ್ಯಾನ್ ಎಂದುಕೊಂಡು ಅವನ ಮಗಳ ಹೆರಿಗೆ ವಿಚಾರಿಸಿದೆ. ಅವನಿಗೆ ಮದುವೆಯೇ ಆಗಿಲ್ಲ. ಪಾಪ, "ಚೆನ್ನಾಗಿದ್ದಾಳೆ ಅಮ್ಮಾ" ಅಂದು ತಿಂದು ಎದ್ದ. ಹೋಟೆಲಿಗೆ ಹೋಟೆಲೇ ನಕ್ಕಿತು, ನಾನೂ ನಕ್ಕೆ. ಅಪ್ಪ ನಗಲಿಲ್ಲ. ವಾರ ಕಳೆಯುವುದರೊಳಗೆ ತಿಂಡಿಗಳ ಹೆಸರು ಬರೆಸಿದ ಬೋರ್ಡು ತಂದು ನೇತುಹಾಕಿದ. "ನನ್ನ ಕಣ್ಣಿಗೆ ಇನ್ನು ಕೆಲಸ ಇಲ್ಲ ಅನ್ನು" ಎಂದು ನೀನು ಬ್ಯಾಗು ಎತ್ತಿದೆ. ನೀನು ಹೋದ ಮೇಲೆ ಅಪ್ಪ ಗೋಡೆಗೆ ಹೇಳುವ ಹಾಗೆ ನನಗೆ ಹೇಳಿದ: "ಅಮ್ಮನ್ನ ನೋಡಿ ಜನ ಇನ್ನೊಂದ್ಸಲ ನಕ್ಕರೆ ನಂಗೆ ತಡ್ಕೊಳ್ಳೋಕಾಗಲ್ಲ ಕಣೆ." ಬೋರ್ಡು ಬಂದದ್ದು ಆ ನಗುವಿಗೆ ಹೆದರಿ, ಅಜ್ಜಿ. ಅದನ್ನು ನಿನ್ನ ಮುಂದೆ ಹೇಳಲು ಅವನಿಗೆ ನಾಲಿಗೆ ಹೊರಳಲಿಲ್ಲ.

ಬೋರ್ಡಿನ ಪ್ರತಾಪ ಕೇಳು. ಜನ ಅದರ ಕೆಳಗೆ ಓದದೆ ಪರೀಕ್ಷೆಗೆ ಬಂದವರ ಹಾಗೆ ನಿಂತರು. ಆ ಮೊದಲ ಡ್ರೈವರ್, ಈಗ ಹಲ್ಲಿಲ್ಲದ ಮುದುಕ, ಮೇಲಿಂದ ಕೆಳಗೆ ಓದಿದ, ಕೆಳಗಿಂದ ಮೇಲೆ ಓದಿದ. "ನಂಗೇನು ಬೇಕು ಅಂತ ನಂಗೇನಮ್ಮ ಗೊತ್ತು" ಅಂದು ಎದುರಿನ ಬೇಕರಿಗೆ ನಡೆದ. ಅಪ್ಪ ಅವನ ಬೆನ್ನನ್ನೇ ನೋಡುತ್ತ ನಿಂತ.

ಚರಿತ್ರೆ ಇಲ್ಲಿಗೆ ನಿಂತಿದೆ. ಅತ್ತೆಗೆ ನಮಸ್ಕಾರ, ಮಾವನಿಗೂ ಅವರ ಹೊಟ್ಟೆಗೂ ಬೇರೆ ಬೇರೆ ನಮಸ್ಕಾರ. ನನಗೆ ಆಶೀರ್ವಾದ ಮಾಡು, ಸ್ವಲ್ಪ ಹೆಚ್ಚಾಗಿಯೇ ಬೇಕಾಗಿದೆ.

ಇಂತಿ ನಿನ್ನ ಮೊಮ್ಮಗಳು,
ತರಲೆ

ಮರೆತಿದ್ದೆ: ಅಪ್ಪನ ಒದ್ದಾಟ ನೋಡಲಾಗದೆ ಮೊನ್ನೆ ಒಂದು ಮಾತು ಅಂದುಬಿಟ್ಟೆ. ನೀನು ಫೋನ್ ಮಾಡಿದ್ದೆ, ಈ ಭಾನುವಾರ ಬರುತ್ತೀಯ, ಕಣ್ಣು ತೋರಿಸಲೂ ಒಪ್ಪಿದ್ದೀಯ ಅಂತ. ಅವನು ಸ್ಟೂಲು ಹತ್ತಿ ಬೋರ್ಡು ಇಳಿಸಿದ. ಕಣ್ಣಿನ ಡಾಕ್ಟರ ಹತ್ತಿರ ದಿನ ಗೊತ್ತು ಮಾಡಿಕೊಂಡು ಬಂದ. ಭಾನುವಾರ ಬೆಳಗಿನ ಬಸ್ಸಿಗೆ ನಿಲ್ದಾಣದಲ್ಲಿ ಕಾಯುತ್ತಾನಂತೆ. ನೀನು ಫೋನೇ ಮಾಡಿಲ್ಲ ಎಂಬುದು ಅವನಿಗಿನ್ನೂ ಗೊತ್ತಿಲ್ಲ.