ಮೂರನೆಯ ಸಲ ಬರೆದ ಸಾಲು

ಕಡಲೇರಿದ ನೂರ ಎಂಬತ್ತೊಂದನೆಯ ವರ್ಷ, ಹದಿಮೂರನೆಯ ತಿಂಗಳ ನಲವತ್ತನೇ ದಿನ
ಕಾಳಿ ಅಳಿವೆ, ಮೇಲ್ದಂಡೆ

ಸೇನಾ ಯೋಜನೆಯ ಕಚೇರಿಯಲ್ಲಿ ಪೆನ್ಸಿಲ್ ಹಿಡಿದು ಕೂತಿರುವ ಮಾನ್ಯರೇ,

ನಮಸ್ಕಾರ. ಮೇಲಿನ ತಾರೀಕು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ, ಹುಡುಕಿ ಸುಸ್ತಾಗಬೇಡಿ. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ದಯವಿಟ್ಟು ಹೊಟ್ಟೆಗೆ ಹಾಕಿಕೊಳ್ಳಿ. ನಿಮ್ಮ ಹೆಸರು ನನಗೆ ಗೊತ್ತಿಲ್ಲ, ಸಹಿಯಿದ್ದ ಮೂಲೆಯನ್ನು ಗೆದ್ದಲು ತಿಂದಿದೆ. ನಾನು ಇರಾವತಿ ಗುನಗಿ, ನಿಮ್ಮದೇ ಕಸುಬಿನವಳು. ಯಾವ ಪಡೆ ಉಳಿಯಬೇಕು, ಯಾವುದು ಹೋಗಬೇಕು ಎಂದು ವರ್ಷಕ್ಕೊಮ್ಮೆ ಪಟ್ಟಿ ಮಾಡುವ ಪಾಪದ ಕೆಲಸ ನನ್ನ ಪಾಲಿಗೂ ಬಂದಿದೆ.

ನಿಮ್ಮ ಕಾಲದಲ್ಲಿ ಹಣ ಸಾಲುತ್ತಿರಲಿಲ್ಲವಂತೆ. ನಮ್ಮಲ್ಲಿ ಹತ್ತು ಪಾಲಿನಲ್ಲಿ ಎಂಟು ಪಾಲನ್ನು ಕಡಲಗೋಡೆಯೇ ನುಂಗುತ್ತದೆ. ಉಳಿದದ್ದರಲ್ಲಿ ಶಾಲೆ, ಔಷಧಿ, ಪಾಚಿರೊಟ್ಟಿ, ಆಮೇಲೆ ನಾವು. ದೊಡ್ಡ ಹಡಗುಗಳನ್ನು ನನ್ನ ಅಜ್ಜಿಯ ಕಾಲದಲ್ಲೇ ಬಿಚ್ಚಿ ಗೋಡೆಗೆ ಹಾಕಿದರು. ಈಗ ಸಮುದ್ರ ಕಾಯುವುದು ತೇಲುಗಣ್ಣುಗಳು. ಅಂದರೆ ಆಳಿಲ್ಲದೆ ನೀರಿನ ಮೇಲಿದ್ದು, ಕಂಡದ್ದನ್ನು ತಾವಾಗಿಯೇ ತಿಳಿಸುವ ಯಂತ್ರಗಳು. ಎದುರಾಳಿಗಳೂ ಬದಲಾಗಿದ್ದಾರೆ. ಯುದ್ಧನೌಕೆಗಳು ಬರುವುದಿಲ್ಲ, ಮುಳುಗಿದ ನಾಡುಗಳ ದೋಣಿಗಳು ಬರುತ್ತವೆ. ಕೆಲವರು ದೋಚಲು, ಹಲವರು ಬದುಕಲು. ದೂರದಿಂದ ನೋಡಿದರೆ ಇಬ್ಬರೂ ಒಂದೇ.

ನಮ್ಮಲ್ಲೊಂದು ಪದ್ಧತಿ ಇದೆ, ಕಡೆಗಾವಲು ಎನ್ನುತ್ತೇವೆ. ಯಾವುದನ್ನು ಪಟ್ಟಿಯಿಂದ ತೆಗೆಯಬೇಕೆಂದಿದ್ದೇವೋ, ಅಲ್ಲಿಗೆ ನಾವೇ ಹೋಗಿ ಬೆಳಗಿನಿಂದ ಸಂಜೆಯವರೆಗೆ ಕಾವಲು ನಿಲ್ಲಬೇಕು. ಕೂತಲ್ಲೇ ಗೀಟು ಎಳೆಯುವಂತಿಲ್ಲ. ಈ ವರ್ಷ ನಾನು ತೆಗೆಯಲು ಹೊರಟದ್ದು ಅಳಿವೆಯಾಚೆಯ ದ್ವೀಪದಲ್ಲಿರುವ ಬಾವುಟಶಾಲೆಯನ್ನು. ಎರಡು ಕೈಯಲ್ಲಿ ಎರಡು ಬಾವುಟ ಹಿಡಿದು ದೂರದ ದೋಣಿಯವರೊಡನೆ ಮಾತಾಡುವ ಹಳೆಯ ವಿದ್ಯೆಯದು. ಇದ್ದವರು ಏಳು ಜನ, ಮುಖ್ಯಸ್ಥೆ ನಾಗಮ್ಮ ಹರಿಕಂತ್ರ. ಅರವತ್ತು ವರ್ಷಗಳಲ್ಲಿ ಆ ವಿದ್ಯೆ ಒಮ್ಮೆಯೂ ಬಳಕೆಯಾಗಿಲ್ಲ ಎಂದು ನಾನೇ ಟಿಪ್ಪಣಿ ಬರೆದಿದ್ದೆ. ಬರೆದದ್ದರಲ್ಲಿ ಸುಳ್ಳಿರಲಿಲ್ಲ.

ನಾನು ಕಾವಲಿಗೆ ಹೋದ ದಿನ ಸೂರ್ಯ ಕೆರಳಿದ, ಸೌರಬಿರುಗಾಳಿ ಎದ್ದಿತು. ಮಧ್ಯಾಹ್ನದ ಹೊತ್ತಿಗೆ ತೇಲುಗಣ್ಣುಗಳೆಲ್ಲ ಕುರುಡಾದವು, ಗಾಳಿಯಲ್ಲಿ ಹೋಗುವ ಯಾವ ಮಾತೂ ಹೋಗಲಿಲ್ಲ. ಅದೇ ಹೊತ್ತಿಗೆ ಪಶ್ಚಿಮದಲ್ಲಿ ನಲವತ್ತು ದೋಣಿಗಳು ಕಂಡವು. ಮೇಲಿನವರನ್ನು ಕೇಳಲು ದಾರಿಯಿಲ್ಲದಾಗ, ಕಡಲ ಗಡಿಗೆರೆ ದಾಟಿದವರ ಮೇಲೆ ಗುಂಡು ಹಾರಿಸಬೇಕೆಂಬುದು ನಿಯಮ. ಆ ನಿಯಮ ಬರೆದವಳೂ ನಾನೇ, ಆ ದಿನ ತೋಪು ಹಾರಿಸುವ ಗುಂಡಿಯ ಮೇಲೆ ಬೆರಳಿಟ್ಟವಳೂ ನಾನೇ. ನಾಗಮ್ಮ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದರು. ಮುಂದಿನ ದೋಣಿಯಲ್ಲಿ ಯಾರೋ ಎರಡು ಹರಕು ಬಟ್ಟೆಗಳನ್ನು ಬೀಸುತ್ತಿದ್ದರು. ನನಗದು ಬರೀ ಬೀಸುವಿಕೆ, ನಾಗಮ್ಮನಿಗೆ ಅಕ್ಷರ.

“ತಂಗೀ, ಬೆರಳು ತೆಗಿ. ಅವ್ರು ಹೊಡೂಕೆ ಬಂದವ್ರಲ್ಲ, ಕುಡೂಕೆ ನೀರು ಕೇಳ್ತಾ ಇದ್ದಾರೆ. ಮಕ್ಕಳಿದ್ದಾವಂತೆ,” ಎಂದರು.

ಎಂಟುನೂರ ಹನ್ನೆರಡು ಜನ ದಡ ಸೇರಿದರು.

ಈ ಬಾವುಟಶಾಲೆಯನ್ನು ಮೊದಲು ಉಳಿಸಿದವರು ಯಾರೆಂದು ಹಳೆಯ ಕಡತಗಳನ್ನು ಹುಡುಕುತ್ತ ಹೋದೆ. ಕೊನೆಗೆ ಸಿಕ್ಕಿದ್ದು ನಿಮ್ಮ ಹಾಳೆ. ಅನುದಾನ ಕಡಿತವಾದ ವರ್ಷ. ಎರಡು ನೌಕೆ, ಒಂದು ಕಾರ್ಖಾನೆ, ಮುನ್ನೂರು ಹುದ್ದೆಗಳ ಮೇಲೆ ಗೀಟು. ಅಂಚಿನಲ್ಲಿ ಪೆನ್ಸಿಲ್ಲಿನ ಒಂದೇ ಸಾಲು: “ಬಾವುಟ ಕಲಿಸುವವರು ಇರಲಿ. ಹಡಗು ಮತ್ತೆ ಕಟ್ಟಬಹುದು, ಕಲಿಸುವವರು ಹೋದರೆ ಮತ್ತೆ ಸಿಗುವುದಿಲ್ಲ.” ನಮ್ಮ ಇಡೀ ಸೇನೆ ಇಂದು ನಡೆಯುವುದು ಈ ಮಾತಿನ ಮೇಲೆ. ಅದಕ್ಕೆ ಹೆಪ್ಪುಪಡೆ ಎಂಬ ಹೆಸರಿದೆ. ಮೊಸರೆಲ್ಲ ಖಾಲಿಯಾದರೂ ಹೆಪ್ಪಿಗೆಂದು ಒಂದು ಚಮಚ ಎತ್ತಿಡುವ ಹಾಗೆ, ಪ್ರತಿ ವಿದ್ಯೆಗೂ ಕಲಿಸುವ ಒಂದಿಷ್ಟು ಜನರನ್ನು ಎತ್ತಿಡುತ್ತೇವೆ. ಇದನ್ನು ಯಾವುದೋ ಮಹಾ ಸಮಿತಿ ಕಂಡುಹಿಡಿದಿರಬೇಕೆಂದು ನಂಬಿದ್ದೆ. ಹಾಗಿದ್ದೂ, ಬಳಕೆಯೇ ಇಲ್ಲದ ಬಾವುಟಕ್ಕೆ ಹೆಪ್ಪೂ ಬೇಡವೆಂದು ಹೊರಟವಳು ನಾನು. ನಿಮ್ಮ ಸಾಲಿನ ಮುಂದೆ ನಾನು ಎಷ್ಟು ಸಣ್ಣವಳಾದೆನೆಂದು ಹೇಳಲಾರೆ.

ಈಗ ನಾನು ಬರೆಯುತ್ತಿರುವ ಕಾರಣ. ಆ ಜಾಗದಲ್ಲಿ ಕಾಗದ ಸವೆದು ತೆಳ್ಳಗಾಗಿದೆ. ಬೆಳಕಿಗೆ ಹಿಡಿದರೆ ಅಡಿಯಲ್ಲಿ ಅದೇ ಸಾಲು ಎರಡು ಸಲ ಮಸುಕಾಗಿ ಕಾಣುತ್ತದೆ. ನೀವು ಬರೆದಿರಿ, ಅಳಿಸಿದಿರಿ. ಮತ್ತೆ ಬರೆದಿರಿ, ಮತ್ತೆ ಅಳಿಸಿದಿರಿ. ಯಾರು ನಕ್ಕರೋ, ಯಾರು ಗದರಿಸಿದರೋ, ನನಗೆ ತಿಳಿಯದು. ಈ ಪತ್ರ ನಿಮ್ಮ ಕೈಸೇರುವ ಹೊತ್ತಿಗೆ ನೀವು ಎರಡನೆಯ ಸಲ ಅಳಿಸಿ, ಪುಡಿಯನ್ನು ಊದುತ್ತ ಕೂತಿರುತ್ತೀರಿ.

ಇನ್ನೊಮ್ಮೆ ಬರೆಯಿರಿ. ಬರೆಯದಿದ್ದರೆ, ಬೆರಳು ತೆಗಿ ಎನ್ನಲು ಇಲ್ಲಿ ನಾಗಮ್ಮ ಇರುವುದಿಲ್ಲ. ಇಲ್ಲಿ ನನ್ನ ಬೆರಳು ಗುಂಡಿಯ ಮೇಲಿದೆ.

ಇಂತಿ ನಿಮ್ಮ
ಇರಾವತಿ