ಯಾರಿಗೆ ನಾರ್ಮಲ್?

ತಾರೀಕು ಹದಿನಾಲ್ಕು, ಭಾನುವಾರ

ನನ್ನ ಪುಟ್ಟಿ,

ನೀನೂ ಹೊಟ್ಟೆಯೊಳಗಿನದೂ ಚೆನ್ನಾಗಿರಿ. ಬರೆಯುವುದು ತಡವಾಯಿತು, ಕ್ಷಮಿಸು. ನಿನ್ನೆ ಬರೆದದ್ದರಲ್ಲಿ ಬರೀ ಬೈಗುಳವಿತ್ತು, ಹರಿದುಹಾಕಿದೆ. ಫೋನಿನಲ್ಲಿ ನೀನು ನಗಿಸಿ ಮಾತು ಹಾರಿಸುತ್ತೀಯ. ಅದಕ್ಕೇ ಇದನ್ನು ನಿನ್ನ ಗಂಡನ ಕೈಯಲ್ಲೇ ಕಳಿಸುತ್ತಿದ್ದೇನೆ.

ನಿನ್ನೆ ಬಂದ ಆ ಪುಣ್ಯಾತ್ಮ ಹಲ್ಲು ಬಿಟ್ಟುಕೊಂಡು ಹೇಳಿದ: "ದೊಡ್ಡಮ್ಮ, ನಿಮ್ಮ ಮಗಳು ನನ್ನ ಚಪ್ಪಲೀನೂ ಕಿತ್ಕೊಂಡಳು. ಕಾಲು ಊದಿ ಅವಳದು ಹಿಡಿಸ್ತಿಲ್ಲ. ಮುಖಾನೂ ಊದಿದೆ. ರಿಪೋರ್ಟ್ ನಾರ್ಮಲ್ ಬಿಡಿ." ತೋರಿಸಿದ. ಕಿಡ್ನಿ ಸೋಸಿ ಹಾಕಬೇಕಾದ ಕಸ, ಆ ಕ್ರಿಯಾಟಿನಿನ್, ಒಂದು ಪಾಯಿಂಟ್ ಸೊನ್ನೆ. ನನ್ನ ಮೈಯೆಲ್ಲ ಉರಿದುಹೋಯಿತು.

ಕ್ಲಿನಿಕ್ಕಿಗೆ ಫೋನ್ ಮಾಡಿದೆ. ಡಾಕ್ಟರಿಗೆ ಪುರುಸೊತ್ತಿಲ್ಲವಂತೆ. ಕೌಂಟರಿನ ಹುಡುಗಿ, "ಅಜ್ಜಿ, ಮೆಷಿನ್ನೇ ನಾರ್ಮಲ್ ಅಂದಿದೆ. ಮೆಷಿನ್ ಸುಳ್ಳು ಹೇಳುತ್ತಾ?" ಅಂದಳು.

"ಸುಳ್ಳು ಹೇಳಲ್ಲ ತಾಯಿ. ಅದಕ್ಕೆ ಹೊಟ್ಟೆ ಕಾಣಿಸಲ್ಲ."

ಫೋನ್ ಕುಕ್ಕಿದಳು.

ನೋಡು, ಬಸುರಿಯ ಕಿಡ್ನಿ ಮೊದಲ ತಿಂಗಳುಗಳಿಂದಲೇ ಸುಮಾರು ಒಂದೂವರೆ ಪಟ್ಟು ದುಡಿಯುತ್ತದೆ. ರಕ್ತದ ಕಸವನ್ನು ಹೆಚ್ಚು ಸೋಸಿ ಹಾಕುವುದರಿಂದ ಕ್ರಿಯಾಟಿನಿನ್ ಇಳಿಯಬೇಕು. ಮದುವೆಗೆ ಮುಂಚೆ ನಿನ್ನದು ಸೊನ್ನೆ ಪಾಯಿಂಟ್ ಏಳು ಇತ್ತು, ನನಗೆ ಮರೆತಿಲ್ಲ. ಇಳಿಯಬೇಕಾದದ್ದು ಏರಿ ಕೂತಿದೆ! ರಿಪೋರ್ಟಿನಲ್ಲಿ ಅಚ್ಚಾಗಿರುವ ಮಿತಿ ಬಸುರಿಯಲ್ಲದವರದು. ಲಾರಿ ಓಡಿಸುವ ಗಂಡಸಿಗೂ ಏಳು ತಿಂಗಳ ನಿನಗೂ ಒಂದೇ ಅಳತೆ! ಇಷ್ಟು ವರ್ಷವಾದರೂ ಇವರಿಗೆ ಅದೊಂದು ಸಾಲು ತಿದ್ದಲು ಕೈ ಬರಲಿಲ್ಲ.

"ಬಸುರೀಲಿ ಊತ ಇದ್ದದ್ದೇ" ಅನ್ನುತ್ತಾರೆ. ಎಷ್ಟೋ ಜನಕ್ಕೆ ಇರಬಹುದು. ನೀನು ಮಾತ್ರ ಈ ಕಾಗದ ಮಡಿಸಿಡುವ ಮೊದಲೇ ದೊಡ್ಡಾಸ್ಪತ್ರೆಗೆ ಹೊರಡು. ಬಿ.ಪಿ. ನೋಡಲಿ, ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆಯೇ ಪರೀಕ್ಷಿಸಲಿ. ಯಾರಾದರೂ ನಾರ್ಮಲ್ ಅಂದರೆ, "ಯಾರಿಗೆ?" ಎಂದು ಕೇಳು. ಜಗಳಗಂಟಿ ಅಂದರೆ ಅನ್ನಲಿ, ದೊಡ್ಡಮ್ಮನ ತರಬೇತಿ ಎಂದುಬಿಡು.

ನಿನ್ನ ಕೂಸು "ಅಮ್ಮಾ, ಅಮ್ಮಾ" ಎಂದು ದಿನವಿಡೀ ನಿನ್ನ ತಲೆ ತಿನ್ನಲಿ. ಇದೇ ನನ್ನ ಆಶೀರ್ವಾದ.

ನಿನ್ನ
ದೊಡ್ಡಮ್ಮ

ತಾ.ಕ.: ನಿನ್ನ ಅಮ್ಮ ಹೆರಿಗೆಯಲ್ಲಿ ಹೋದಳು ಎಂದಷ್ಟೇ ನಿನಗೆ ಗೊತ್ತು. ಅಂದು ಆಸ್ಪತ್ರೆಗೆ ಹೊರಡುವಾಗ ಅವಳ ಚಪ್ಪಲಿ ಊದಿದ ಕಾಲಿಗೆ ಹತ್ತಲಿಲ್ಲ. ನನ್ನದನ್ನು ಮೆಟ್ಟಿಕೊಂಡು, "ಬಂದು ಕೊಡ್ತೀನಿ ಅಕ್ಕ, ರಿಪೋರ್ಟೆಲ್ಲ ನಾರ್ಮಲ್ ಅಂದರಲ್ಲ" ಎಂದು ನಕ್ಕಳು. ನರ್ಸು ನನ್ನ ಒಂದು ಕೈಗೆ ನಿನ್ನನ್ನು ಕೊಟ್ಟಳು, ಇನ್ನೊಂದಕ್ಕೆ ಆ ಚಪ್ಪಲಿ.